ಕೊಂಡ ವಸ್ತು ಕೆಟ್ಟರೆ ಯಾರ ಹೊಣೆ? ಕಲ್ಯಾಣದಿಂದ ಮೊಬೈಲಿನವರೆಗೆ

ಹೊಸ ಮೊಬೈಲು ಫೋನಿನ ಡಬ್ಬಿಯ ತಳದಲ್ಲಿ ಮಡಿಸಿಟ್ಟ ಒಂದು ಕಾಗದವಿರುತ್ತದೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾದ ಅದನ್ನು ಓದುವವರು ವಿರಳ. ಫೋನು ಉಸಿರು ನಿಲ್ಲಿಸಿದ ದಿನ ಮಾತ್ರ ಮನೆಯವರೆಲ್ಲ ಸೇರಿ ಆ ಕಾಗದಕ್ಕಾಗಿ ಕಪಾಟು ತಡಕುತ್ತಾರೆ. ಕಾಗದ ಸಿಕ್ಕಿದರೆ ಹಕ್ಕು ಸಿಕ್ಕಿತು, ಕಳೆದಿದ್ದರೆ ಹಕ್ಕೂ ಕಳೆಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ವಾರಂಟಿ ಕಾರ್ಡು ಎಂಬುದು ತಯಾರಕನು ತಾನಾಗಿ ಕೊಡುವ ಒಂದು ಹೆಚ್ಚಿನ ಮಾತು, ಅಷ್ಟೆ. ಕೊಂಡವನ ಹಕ್ಕು ಅದಕ್ಕಿಂತ ಬಹಳ ಹಳೆಯದು. ಮಾತ್ರವಲ್ಲ, ಅದು ಮೊದಲಿಗೆ ಹಿಡಿಯುವುದು ದೂರದ ತಯಾರಕನನ್ನಲ್ಲ, ಎದುರಿಗೆ ನಿಂತು ಹಣ ಎಣಿಸಿಕೊಂಡ ಅಂಗಡಿಯವನನ್ನು. ಈ ಹಕ್ಕು ಬೆಳೆದು ಬಂದ ದಾರಿ ಉದ್ದವಾದದ್ದು, ಡೊಂಕಾದದ್ದು. ಅದರ ಒಂದು ತಿರುವು ನಮ್ಮ ಕನ್ನಡ ನಾಡಿನಲ್ಲೇ ಇದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯ ಪಾಲಿನ ವಿಷಯ ಬಂದಾಗಲೆಲ್ಲ ವಕೀಲರು ಈ ಹೆಸರನ್ನು ಹೇಳುವುದನ್ನು ಕೇಳಿದ್ದೇವೆ. ಆದರೆ ಅದೇ ಸ್ಮೃತಿಯ ವ್ಯವಹಾರ ಪ್ರಕರಣದಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಎಷ್ಟು ದಿನ ಎಂಬ ಲೆಕ್ಕವೂ ಇದೆಯೆಂಬುದು ಅಷ್ಟು ಪ್ರಸಿದ್ಧವಲ್ಲ. ಬಿತ್ತನೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೇರು ಹೊರುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಅದೇ ಪಟ್ಟಿಯಲ್ಲಿದೆ. ಮನುಷ್ಯರನ್ನು ಹಸು ಕಬ್ಬಿಣಗಳ ಜೊತೆಗೆ ಎಣಿಸಿದ ಆ ಸಾಲನ್ನು ಮುಚ್ಚಿಡುವ ಅಗತ್ಯವಿಲ್ಲ. ಮೆಚ್ಚುವ ಅಗತ್ಯವಂತೂ ಇಲ್ಲವೇ ಇಲ್ಲ.

ಈ ದಿನಗಳ ಲೆಕ್ಕದಲ್ಲಿ ಒಂದು ವಿವೇಕವಿದೆ. ಕಬ್ಬಿಣವನ್ನು ಕಾಯಿಸಿ ಬಡಿದರೆ ಅದರ ಗುಣ ಒಂದೇ ದಿನದಲ್ಲಿ ತಿಳಿಯುತ್ತದೆ. ಬೀಜ ಮಣ್ಣಿಗೆ ಬಿದ್ದು ಮೊಳಕೆಯೊಡೆಯಲು ವಾರ ಕಳೆಯಬೇಕು. ಹಸುವನ್ನು ಮೂರು ದಿನ ಕರೆದರೆ ಮಾರಿದವನು ಹೇಳಿದ ಹಾಲಿನ ಅಳತೆ ನಿಜವೋ ಸುಳ್ಳೋ ಗೊತ್ತಾಗಿಯೇ ಆಗುತ್ತದೆ. ದೋಷವು ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಮಾರಿದವನು ಹೊಣೆಗಾರ ಎಂಬ ತತ್ತ್ವ ಇದರ ಹಿಂದಿದೆ. ಎಲ್ಲ ಸರಕಿಗೂ ಒಂದೇ ವರ್ಷ ಎಂದು ಅಚ್ಚು ಹಾಕುವ ಇಂದಿನ ವಾರಂಟಿ ಕಾರ್ಡಿಗಿಂತ ಇದು ಹೆಚ್ಚು ಯೋಚಿಸಿ ಮಾಡಿದ ಲೆಕ್ಕವೆಂದು ನನಗೆ ತೋರುತ್ತದೆ. ನಾರದಸ್ಮೃತಿಯಲ್ಲಿ ಇನ್ನೊಂದು ಸೊಗಸಾದ ಏರ್ಪಾಡಿದೆ. ಕೊಂಡವನಿಗೆ ಮನಸ್ಸು ಒಪ್ಪದಿದ್ದರೆ ವಸ್ತುವನ್ನು ಕೆಡಿಸದೆ ಅದೇ ದಿನ ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲಿ ಒಂದು ಪಾಲು ಬಿಡಬೇಕು, ಮೂರನೆಯ ದಿನ ಅದರ ಇಮ್ಮಡಿ. ಅಲ್ಲಿಂದ ಮುಂದೆ ವಸ್ತು ಅವನದೇ.

ಕೌಟಿಲ್ಯನ ಅರ್ಥಶಾಸ್ತ್ರವೂ ಇದೇ ಮಾತನ್ನು ಅಧಿಕಾರಿಯ ದನಿಯಲ್ಲಿ ಹೇಳುತ್ತದೆ. ವ್ಯಾಪಾರ ಮುರಿದುಕೊಳ್ಳಲು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ದನ ಕಾಯುವವರಿಗೆ ಐದು ರಾತ್ರಿಗಳ ಅವಕಾಶ. ರೋಗದ ಪ್ರಾಣಿಯನ್ನು ಆರೋಗ್ಯದ್ದೆಂದು ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಈ ಗ್ರಂಥದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ರುದ್ರಪಟ್ಣದ ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದವು. ಹೀಗೆ ಭಾರತದ ಹಳೆಯ ಗಿರಾಕಿ ಕಾನೂನನ್ನು ವಿವರಿಸಿದ ಒಬ್ಬರು ಕಲ್ಯಾಣದವರು, ಮತ್ತೆ ಬೆಳಕಿಗೆ ತಂದ ಇನ್ನೊಬ್ಬರು ಮೈಸೂರಿನವರು.

ಶಾಸ್ತ್ರ ಹಾಗಿದ್ದರೂ ಸಂತೆಯ ರೀತಿ ಬೇರೆಯೇ. ನಮ್ಮ ದನಗಳ ಜಾತ್ರೆಗಳಲ್ಲಿ ಎತ್ತಿನ ಬಾಯಿ ತೆಗೆಸಿ ಹಲ್ಲು ಎಣಿಸುವವನು, ಸುಳಿ ನೋಡುವವನು, ನಾಲ್ಕು ಹೆಜ್ಜೆ ನಡೆಸಿ ಕುಂಟು ಕಾಣುವವನು ಕೊಳ್ಳುವವನೇ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದಲ್ಲಾಳಿ ಬೆಲೆ ಕುದುರಿಸಿದ ಮೇಲೆ ಹಗ್ಗ ಕೈ ಬದಲಾಯಿಸಿತೆಂದರೆ ಮುಗಿಯಿತು. ಕೊಳ್ಳುವವನಿಗೂ ಎತ್ತಿನ ವಿಷಯ ಮಾರುವವನಷ್ಟೇ ತಿಳಿದಿರುವಾಗ ಇದರಲ್ಲಿ ದೊಡ್ಡ ಅನ್ಯಾಯವೇನೂ ಇಲ್ಲ. ಬಾಯಿ ತೆಗೆಸಿ ನೋಡಲಾಗದ ವಸ್ತುಗಳು ಬಂದಾಗಲೇ ತೊಂದರೆ ಮೊದಲಾದದ್ದು.

ರೋಮ್ ನಗರದಲ್ಲಿ ಪೇಟೆಯ ಮೇಲ್ವಿಚಾರಣೆಗಿದ್ದ ಅಧಿಕಾರಿಗಳು ದಾಸರ ಮತ್ತು ಜಾನುವಾರುಗಳ ದೋಷವನ್ನು ಮಾರುವವನೇ ಮುಂಚಿತವಾಗಿ ಸಾರಬೇಕೆಂದು ಕಟ್ಟಳೆ ಮಾಡಿದ್ದರು; ಸಾರದಿದ್ದರೆ ಆರು ತಿಂಗಳೊಳಗೆ ಹಿಂದಿರುಗಿಸಬಹುದಿತ್ತು. ಇಂಗ್ಲೆಂಡು ಮಾತ್ರ ಬಹುಕಾಲ ಇದಕ್ಕೆ ವಿರುದ್ಧ ದಾರಿಯಲ್ಲಿ ನಡೆಯಿತು. 'ಕೇವಿಯಟ್ ಎಂಪ್ಟರ್', ಅಂದರೆ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಲ್ಯಾಟಿನ್ ಮಾತು ಅಲ್ಲಿನ ನ್ಯಾಯಾಲಯಗಳ ಮಂತ್ರವಾಗಿತ್ತು.

ಇದಕ್ಕೆ ಸಾಕ್ಷಿಯಾಗಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಮೊಕದ್ದಮೆ 1603ರದು. ಲಂಡನ್ನಿನ ಚಾಂಡೆಲರ್ ಎಂಬ ಅಕ್ಕಸಾಲಿಗ ಲೋಪಸ್ ಎಂಬಾತನಿಗೆ ಒಂದು ಕಲ್ಲನ್ನು ನೂರು ಪೌಂಡಿಗೆ ಮಾರಿದ. ಅದು 'ಬಿಜೋರ್' ಕಲ್ಲು ಎಂದು ಹೇಳಿ ಮಾರಿದ. ಕಾಡುಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಹುಟ್ಟುವ ಈ ಗಟ್ಟಿ ಉಂಡೆಗೆ ವಿಷ ಇಳಿಸುವ ಶಕ್ತಿಯಿದೆಯೆಂದು ಆಗಿನ ಜನ ನಂಬಿದ್ದರು. ಕೊಂಡ ಮೇಲೆ ಅದು ಬಿಜೋರ್ ಅಲ್ಲವೆಂದು ತಿಳಿಯಿತು. ಲೋಪಸ್ ದಾವೆ ಹೂಡಿದ. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದ, ಮೇಲಿನದರಲ್ಲಿ ಸೋತ. ಅಲ್ಲಿನ ನ್ಯಾಯಾಧೀಶರಲ್ಲಿ ಹೆಚ್ಚಿನವರು ಕೊಟ್ಟ ಕಾರಣ ಇದು: ಮಾರುವವನು ಇದು ಬಿಜೋರ್ ಎಂದು 'ಹೇಳಿದ', ನಿಜ, ಆದರೆ ಬಿಜೋರ್ ಎಂದು 'ವಾರಂಟಿ ಕೊಡಲಿಲ್ಲ'. ಸುಳ್ಳೆಂದು ತಿಳಿದೇ ಹೇಳಿದನೆಂದು ಫಿರ್ಯಾದಿ ಆಪಾದಿಸಿಯೂ ಇಲ್ಲ. ಆದುದರಿಂದ ಪರಿಹಾರವಿಲ್ಲ. ಮಾತು ಬೇರೆ, ಹೊಣೆ ಹೊತ್ತ ಮಾತು ಬೇರೆ! ಇಂದು ಕೌಂಟರಿನ ಹುಡುಗ 'ಬ್ಯಾಟರಿ ಎರಡು ದಿನ ಬರುತ್ತೆ ಸಾರ್' ಎಂದು ಆಣೆ ಮಾಡಿದಂತೆ ಹೇಳಿ, ಆಮೇಲೆ 'ನಾನು ಹಾಗೆ ಬರೆದು ಕೊಟ್ಟಿಲ್ಲವಲ್ಲ' ಎನ್ನುವಾಗ ಆ ಅಕ್ಕಸಾಲಿಗನ ದನಿಯೇ ಕೇಳಿಸುತ್ತದೆ.

ಈ ಗೋಡೆ ಬಿರುಕುಬಿಟ್ಟದ್ದು ಯಂತ್ರಗಳ ಕಾಲದಲ್ಲಿ. 1815ರಲ್ಲಿ ಕೆಟ್ಟ ರೇಷ್ಮೆಯ ಚೀಲಗಳ ಮೊಕದ್ದಮೆಯೊಂದರಲ್ಲಿ ಲಾರ್ಡ್ ಎಲೆನ್‌ಬರೋ, ಜನ ಸರಕು ಕೊಳ್ಳುವುದು ತಿಪ್ಪೆಗೆ ಎಸೆಯಲಿಕ್ಕಲ್ಲ ಎಂಬರ್ಥದ ಮಾತು ಹೇಳಿ, ಮಾರುವ ವಸ್ತು ಪೇಟೆಯಲ್ಲಿ ಆ ಹೆಸರಿಗೆ ತಕ್ಕಂತಿರಬೇಕೆಂದು ತೀರ್ಪಿತ್ತರು. ಮೊದಲೇ ಪರೀಕ್ಷಿಸಿ ನೋಡಲು ಅವಕಾಶವಿಲ್ಲದ ಕಡೆ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಮಾತು ಸಲ್ಲದೆಂದರು. 1829ರಲ್ಲಿ ಹಡಗಿನ ತಳಕ್ಕೆ ಹೊದಿಸಿದ ತಾಮ್ರದ ತಗಡು ಕೆಲವೇ ತಿಂಗಳಲ್ಲಿ ಸವೆದುಹೋದಾಗ, ಯಾವ ಉದ್ದೇಶಕ್ಕೆಂದು ತಿಳಿದು ಮಾರಿದನೋ ಆ ಉದ್ದೇಶಕ್ಕೆ ವಸ್ತು ಒದಗಬೇಕು ಎಂದು ಇನ್ನೊಂದು ತೀರ್ಪು ಬಂತು. ಇಂಥ ತೀರ್ಪುಗಳನ್ನೆಲ್ಲ ಸೋಸಿ ಮೆಕೆಂಜಿ ಚಾಮರ್ಸ್ ಎಂಬ ನ್ಯಾಯಶಾಸ್ತ್ರಜ್ಞ ರಚಿಸಿದ್ದೇ 1893ರ ಇಂಗ್ಲಿಷ್ ಸರಕು ಮಾರಾಟ ಕಾಯಿದೆ. ಈತ ಮುಂದೆ ವೈಸರಾಯರ ಮಂಡಲದಲ್ಲಿ ಕಾನೂನು ಸದಸ್ಯನಾಗಿ ಭಾರತದಲ್ಲೂ ಇದ್ದವನು. ನಮ್ಮಲ್ಲಿ 1872ರ ಕರಾರು ಕಾಯಿದೆಯ ಒಂದು ಅಧ್ಯಾಯವಾಗಿದ್ದ ಈ ವಿಷಯ, ಇಂಗ್ಲಿಷ್ ಕಾಯಿದೆಯ ಮಾದರಿಯಲ್ಲಿ 1930ರ ಜುಲೈ 1ರಿಂದ ಪ್ರತ್ಯೇಕ ಸರಕು ಮಾರಾಟ ಕಾಯಿದೆಯಾಯಿತು. ಅದು ಇಂದಿಗೂ ಜಾರಿಯಲ್ಲಿದೆ.

ಅದರ 16ನೆಯ ಕಲಮನ್ನು ಪ್ರತಿಯೊಬ್ಬ ಗಿರಾಕಿಯೂ ತಿಳಿದಿರುವುದು ಒಳ್ಳೆಯದು. ಆ ಬಗೆಯ ಸರಕನ್ನು ವ್ಯಾಪಾರ ಮಾಡುವವನಿಂದ ಕೊಂಡ ವಸ್ತು ಮಾರಾಟಕ್ಕೆ ಯೋಗ್ಯವಾದ ಗುಣದ್ದಾಗಿರಬೇಕು ಎಂಬ ಶರತ್ತು, ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಕಾಗದದಲ್ಲಿ ಬರೆಯದಿದ್ದರೂ, ಮಾರಾಟದಲ್ಲಿ ಅಡಗಿಯೇ ಇರುತ್ತದೆ. ನೋಡಿದರೆ ಕಾಣುವ ದೋಷಕ್ಕೆ ಪರೀಕ್ಷಿಸಿ ಕೊಂಡವನು ದೂರುವಂತಿಲ್ಲ. ಒಳಗಿನ ದೋಷಕ್ಕೆ ದೂರಬಹುದು. ಫೋನಿನ ಗಾಜು ಸೀಳಿದ್ದರೆ ಅಂಗಡಿಯಲ್ಲೇ ಕಾಣುತ್ತದೆ, ಒಳಗಿನ ಬೆಸುಗೆ ಬಿಟ್ಟಿರುವುದು ಯಾರ ಕಣ್ಣಿಗೆ ಕಾಣಬೇಕು?

ಆದರೆ 1930ರ ಕಾಯಿದೆಗೆ ಎರಡು ಕುಂದುಗಳಿದ್ದವು. ವಸ್ತುವನ್ನು ಒಮ್ಮೆ ಒಪ್ಪಿಕೊಂಡರೆ ಶರತ್ತು ಮುರಿದಿದ್ದರೂ ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ, ನಷ್ಟ ಮಾತ್ರ ಕೇಳಬೇಕು. ಕಾನೂನಿನ ಭಾಷೆಯಲ್ಲಿ 'ವಾರಂಟಿ' ಎಂದರೆ ಈ ಕೆಳದರ್ಜೆಯ ಹಕ್ಕೇ; ವಸ್ತು ಬಿಸುಟು ಹಣ ಕೇಳುವ ಮೇಲ್ದರ್ಜೆಯ ಹಕ್ಕಿಗೆ 'ಶರತ್ತು' ಎಂದು ಹೆಸರು. ಪೇಟೆಯಲ್ಲಿ ನಾವು ದೊಡ್ಡದಾಗಿ ಉಚ್ಚರಿಸುವ ಶಬ್ದ ಕಾಯಿದೆಯಲ್ಲಿ ಚಿಕ್ಕದು. ಎರಡನೆಯ ಕುಂದೆಂದರೆ, ಈ ಹೊಣೆಯನ್ನೆಲ್ಲ ಕರಾರಿನಲ್ಲಿ ಒಂದು ಸಾಲು ಬರೆದು ತೊಡೆದುಹಾಕಲು 62ನೆಯ ಕಲಮು ಅವಕಾಶ ಕೊಡುತ್ತದೆ.

ಇನ್ನು ಕಂತಿನ ವ್ಯವಹಾರದ ಕಥೆ. 1895ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಒಂದು ಪಿಯಾನೋದ ವಿವಾದವನ್ನು ತೀರ್ಮಾನಿಸಿತು. ತಿಂಗಳಿಗೆ ಹತ್ತೂವರೆ ಶಿಲ್ಲಿಂಗಿನಂತೆ 36 ಕಂತು ಕಟ್ಟಿದರೆ ಪಿಯಾನೋ ನಿನ್ನದು, ಅಲ್ಲಿಯವರೆಗೆ ಬಾಡಿಗೆ ಎಂದು ಕರಾರು. ಪಡೆದವನು ಕೆಲವು ತಿಂಗಳಲ್ಲೇ ಅದನ್ನು ಗಿರವಿಯಿಟ್ಟ. ಕೊಳ್ಳಲೇಬೇಕೆಂಬ ಕಟ್ಟು ಇಲ್ಲದ್ದರಿಂದ ಇದು ಮಾರಾಟಕ್ಕೆ ಒಪ್ಪಿದ ಕರಾರೇ ಅಲ್ಲ, ವಸ್ತು ಇನ್ನೂ ಅಂಗಡಿಯವನದೇ ಎಂದು ತೀರ್ಪಾಯಿತು. ಅಂಗಡಿಯವರಿಗೆ ಇದು ವರವಾಯಿತು. ಮಾರಾಟವೇ ಅಲ್ಲದ ಮೇಲೆ ಮಾರಾಟದ ಕಾಯಿದೆಯ ರಕ್ಷಣೆ ಕೊಂಡವನಿಗೆ ನೇರವಾಗಿ ದೊರೆಯದು; ಕೊನೆಯ ಒಂದೆರಡು ಕಂತು ತಪ್ಪಿದರೂ ಹೊಲಿಗೆ ಯಂತ್ರವನ್ನೋ ಮಂಚವನ್ನೋ ಎತ್ತಿಕೊಂಡು ಹೋಗಬಹುದು. ಬಡವರ ಮನೆಗಳ ಈ ಗೋಳನ್ನು ಪಾರ್ಲಿಮೆಂಟಿಗೆ ತಂದಾಕೆ ಎಲೆನ್ ವಿಲ್ಕಿನ್ಸನ್ ಎಂಬ ಸದಸ್ಯೆ. ಆಕೆಯ ಖಾಸಗಿ ಮಸೂದೆಯೇ 1938ರ ಬಾಡಿಗೆ ಖರೀದಿ ಕಾಯಿದೆಯಾಯಿತು. ನಮ್ಮ ದೇಶವೂ 1972ರಲ್ಲಿ ಅಂಥದೇ ಒಂದು ಕಾಯಿದೆಯನ್ನು ಪಾಸು ಮಾಡಿತು. ಆದರೆ ಅದು ಜಾರಿಗೇ ಬರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪುಸ್ತಕದಲ್ಲಿ ನಿದ್ರಿಸಿ 2005ರಲ್ಲಿ ರದ್ದಾಯಿತು. ಸ್ಕೂಟರು, ಫ್ರಿಜ್ಜು, ಟಿ.ವಿ.ಗಳನ್ನೆಲ್ಲ ಕಂತಿನ ಮೇಲೆ ಕೊಂಡು ಸಂಸಾರ ಹೂಡಿದ ಒಂದು ಇಡೀ ತಲೆಮಾರು ಈ ನಿದ್ರೆಯ ಕಾಲದಲ್ಲೇ ಬಾಳಿತೆಂಬುದನ್ನು ನೆನೆದರೆ ಬೇಸರವಾಗುತ್ತದೆ.

ಬ್ರಿಟನ್ನಿನಲ್ಲಿ 1985ರ ಜನವರಿಯಲ್ಲಿ ಮೊಬೈಲ್ ಸೇವೆ ಮೊದಲಾಯಿತು. ಅಲ್ಲಿ ಬೆಳೆದ ಪದ್ಧತಿ 'ಕಾಂಟ್ರಾಕ್ಟ್ ಫೋನ್'. ಫೋನನ್ನು ಕಡಿಮೆ ಬೆಲೆಗೋ 'ಪುಕ್ಕಟೆ'ಯಾಗಿಯೋ ಕೊಡುವುದು, ಒಂದೆರಡು ವರ್ಷ ತಿಂಗಳು ತಿಂಗಳಿಗೆ ಹಣ ಕಟ್ಟಿಸಿಕೊಳ್ಳುವುದು. ಫೋನು ಆರನೆಯ ತಿಂಗಳಿಗೆ ಸತ್ತರೆ? ಕರಾರು ಮಾತ್ರ ಸಾಯುವುದಿಲ್ಲ. ಸೇವೆ ಕೊಟ್ಟವನು ತಯಾರಕನ ಕಡೆ ಬೆರಳು ತೋರಿಸುತ್ತಾನೆ. ಇಲ್ಲಿ ಹಳೆಯ ತತ್ತ್ವವೇ ನೆರವಿಗೆ ಬಂತು. ಪುಕ್ಕಟೆ ಎಂದರೂ ತಿಂಗಳ ಹಣಕ್ಕೆ ಪ್ರತಿಯಾಗಿ ಕೊಟ್ಟದ್ದು ಪುಕ್ಕಟೆಯಲ್ಲ; ಯಾರು ಕೊಟ್ಟನೋ ಅವನೇ ಹೊಣೆಗಾರ. 1973ರ ಕಾಯಿದೆ ಗೃಹಬಳಕೆಯ ಮಾರಾಟಗಳಲ್ಲಿ ಈ ಹೊಣೆಯನ್ನು ಸಣ್ಣ ಅಕ್ಷರದಲ್ಲಿ ತೊಡೆದುಹಾಕುವುದನ್ನು ನಿಲ್ಲಿಸಿತ್ತು. 2015ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗ್ರಾಹಕ ಹಕ್ಕುಗಳ ಕಾಯಿದೆ ದಿನಗಳ ಲೆಕ್ಕವನ್ನು ಸ್ಪಷ್ಟಗೊಳಿಸಿತು. ಮೂವತ್ತು ದಿನದೊಳಗೆ ದೋಷ ತೋರಿದರೆ ಹಿಂದಿರುಗಿಸಿ ಹಣ ಪಡೆಯಬಹುದು. ಆ ಬಳಿಕ ಒಂದು ಸಲ ರಿಪೇರಿಗೆ ಇಲ್ಲವೆ ಬದಲಿಗೆ ಅವಕಾಶ ಕೊಡಬೇಕು. ಅದೂ ಫಲಿಸದಿದ್ದರೆ ವಸ್ತು ಬಿಡಬಹುದು, ಇಲ್ಲವೆ ಬೆಲೆ ಇಳಿಸಿಕೊಳ್ಳಬಹುದು. ಆರು ತಿಂಗಳೊಳಗಿನ ದೋಷ ಕೊಡುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇಲ್ಲವೆಂದು ತೋರಿಸುವ ಭಾರ ಮಾರಿದವನ ಮೇಲೆ. ತಯಾರಕನ ವರ್ಷದ ವಾರಂಟಿ ಮುಗಿದರೂ ಹಕ್ಕು ಮುಗಿಯದು, ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೆ ದಾವೆ ಹೂಡಬಹುದು. ಯಾಜ್ಞವಲ್ಕ್ಯನ ಪಟ್ಟಿ ಮತ್ತೆ ಬೇರೆ ವೇಷದಲ್ಲಿ ಬಂದಂತೆ ಕಾಣುವುದಿಲ್ಲವೆ?

ನಮ್ಮಲ್ಲಿ ಟೆಲಿಫೋನಿನ ಕಥೆ ಬೇರೆ. 1948ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಹುಟ್ಟಿದ ಐ.ಟಿ.ಐ. ಕಾರ್ಖಾನೆಯ ಕರಿಯ ಫೋನು ಮನೆಯಲ್ಲಿದ್ದರೂ ಮನೆಯವರದಲ್ಲ, ಇಲಾಖೆಯದು. ಕೆಟ್ಟರೆ ಲೈನ್‌ಮನ್ ಬರಬೇಕು. ಯಾವಾಗ ಬರುವನೆಂಬುದು ಬೇರೆ ಪ್ರಶ್ನೆ. ಕೊಳ್ಳದ ವಸ್ತುವಿಗೆ ವಾರಂಟಿಯ ಮಾತೆಲ್ಲಿ? 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆಯಾದ ಮೇಲೆ ಫೋನು ನಮ್ಮ ಸ್ವತ್ತಾಯಿತು, ಕೆಟ್ಟರೆ ನಮ್ಮ ತಲೆನೋವೂ ಆಯಿತು. 2003ರ ಮಳೆಗಾಲದಲ್ಲಿ ರಿಲಯನ್ಸ್ ಸಂಸ್ಥೆ 501 ರೂಪಾಯಿ ಮುಂಗಡಕ್ಕೆ ಫೋನು ಕೊಟ್ಟು ಉಳಿದದ್ದನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುವ ಯೋಜನೆ ತಂದದ್ದು ಹಲವರಿಗೆ ನೆನಪಿರಬಹುದು. ಇಂದು ಆ ಜಾಗದಲ್ಲಿ ಬ್ಯಾಂಕಿನ ಕಂತು ಬಂದಿದೆ. ಇಲ್ಲೊಂದು ಎಚ್ಚರ ಬೇಕು. ಸಾಲ ಕೊಟ್ಟವನೊಡನೆ ಒಂದು ಕರಾರು, ಮಾರಿದವನೊಡನೆ ಇನ್ನೊಂದು. ಫೋನು ಕೆಟ್ಟಿತೆಂದು ಸಿಟ್ಟಿನಿಂದ ಕಂತು ನಿಲ್ಲಿಸಿದರೆ ಸಾಲಗಾರ ಎಂಬ ಹೆಸರು ನಮಗೇ ಬರುತ್ತದೆ. ಜಗಳ ಮಾರಿದವನೊಡನೆ ಆಡಬೇಕು, ಕಂತು ಕಟ್ಟುತ್ತಲೇ.

ಆ ಜಗಳಕ್ಕೆ ಕಣವೊಂದನ್ನು ಕೊಟ್ಟದ್ದು 1986ರ ಗ್ರಾಹಕರ ರಕ್ಷಣಾ ಕಾಯಿದೆ. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1966ರಲ್ಲಿ, ಇದೇ ಮುಂಬಯಿಯಲ್ಲಿ ಒಂಬತ್ತು ಮಂದಿ ಗೃಹಿಣಿಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾವನ್ನು ಕಟ್ಟಿದ್ದರು. ಕಲಬೆರಕೆ, ತೂಕದ ಮೋಸಗಳ ವಿರುದ್ಧ ದನಿಯೆತ್ತಿದ ಇಂಥವರ ಶ್ರಮ ಕಾಯಿದೆಯ ಹಿಂದಿದೆ. ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದುದರಿಂದ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತಾರೆ. 1930ರ ಕಾಯಿದೆಯ ಮೊದಲ ಕುಂದು ಇಲ್ಲಿ ತೀರಿತು. ವಸ್ತುವನ್ನು ಒಪ್ಪಿಕೊಂಡು ಬಳಸಿದ್ದರೂ ದೋಷ ಸರಿಪಡಿಸಲು, ಬದಲಿ ಕೊಡಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ವೇದಿಕೆ ಆಜ್ಞೆ ಮಾಡಬಹುದು. ಮಾರಿದವನನ್ನೂ ತಯಾರಕನನ್ನೂ ಒಟ್ಟಿಗೆ ಎದುರುವಾದಿ ಮಾಡಬಹುದು; ಒಬ್ಬರ ಮೇಲೊಬ್ಬರು ಹೊರಿಸುವ ಆಟ ಅಲ್ಲಿ ನಡೆಯುವುದು ಕಷ್ಟ.

ನಮ್ಮ ಹೋಟೆಲು ಬಂಧುಗಳು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ಸರಕಿಗೆ ಈ ಕಾಯಿದೆ ಸಲ್ಲದು. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಗ್ರೈಂಡರು, ತಾನೇ ನಿಂತು ದುಡಿಯುವ ಚಿಕ್ಕ ಹೋಟೆಲಿನವನದು, ಇದರ ಆಶ್ರಯದಲ್ಲೇ ಬರುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಈ ಗೆರೆಯನ್ನು ವಿವರವಾಗಿ ಎಳೆದಿದೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಮಾತ್ರ 1986ರ ಕಾಯಿದೆಯಲ್ಲಿ ಒಂದು ಮುಳ್ಳಿತ್ತು. ಎದುರುವಾದಿ ಇರುವ ಕಡೆ, ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಶಾಖೆಯಿದ್ದರೆ ಸಾಕು ಎಂದು ಕಾಯಿದೆಯಲ್ಲಿ ಬರೆದಿದ್ದರೂ, 2009ರಲ್ಲಿ ಸುಪ್ರೀಂ ಕೋರ್ಟು ಅಂಬಾಲಾದ ಗೋದಾಮಿನ ಬೆಂಕಿಯ ವಿಮೆಯ ದೂರನ್ನು ಚಂಡೀಗಢದಲ್ಲಿ ಕೊಟ್ಟದ್ದು ಸಲ್ಲದೆಂದು ಹೇಳಿ, ಶಾಖೆ ಎಂದರೆ ಕಾರಣ ಹುಟ್ಟಿದ ಊರಿನ ಶಾಖೆಯೇ ಎಂದು ಅರ್ಥ ಮಾಡಿತು. ಅಂದರೆ ರಜೆಗೆಂದು ಹುಬ್ಬಳ್ಳಿಗೆ ಹೋದಾಗ ಅಲ್ಲಿ ಕೊಂಡ ಫೋನು ಪುಣೆಯಲ್ಲಿ ಕೆಟ್ಟರೆ, ದೂರಿಗಾಗಿ ಮತ್ತೆ ಹುಬ್ಬಳ್ಳಿಯ ರೈಲು ಹತ್ತುವ ಪ್ರಮೇಯ ಬರುತ್ತಿತ್ತು. ಹತ್ತು ಸಾವಿರದ ಫೋನಿಗೆ ಹತ್ತು ವಾಯಿದೆಗಳ ಓಡಾಟ! ಎಷ್ಟೋ ಜನ ಹಾಳಾಗಿ ಹೋಗಲೆಂದು ಕೈಬಿಟ್ಟಿರಬೇಕು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ದೂರವಾಣಿ ಸೇವೆಯ ವಿವಾದಗಳು 1885ರ ತಂತಿ ಕಾಯಿದೆಯ ಪಂಚಾಯಿತಿಗೆ ಹೋಗಬೇಕೇ ಹೊರತು ಗ್ರಾಹಕರ ವೇದಿಕೆಗಲ್ಲ ಎಂದೂ ಆಯಿತು. ಈ ಎರಡನೆಯ ಅಡ್ಡಿ ಖಾಸಗಿ ಮೊಬೈಲ್ ಕಂಪೆನಿಗಳ ಮಟ್ಟಿಗೆ ಸರಿದದ್ದು 2022ರ ಫೆಬ್ರವರಿಯಲ್ಲಿ, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನಿಂದ.

ಮೊದಲ ಅಡ್ಡಿಯನ್ನು ತೆಗೆದದ್ದು 2019ರ ಹೊಸ ಕಾಯಿದೆ. 2020ರ ಜುಲೈ 20ರಿಂದ ಅದು ಜಾರಿಯಲ್ಲಿದೆ. ಅದರ 34ನೆಯ ಕಲಮಿನಂತೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಫೋನು ಬೆಂಗಳೂರಿನದಾಗಲಿ, ಅಂಚೆಯಲ್ಲಿ ಬಂದದ್ದಾಗಲಿ, ಠಾಣೆಯವನು ಠಾಣೆಯಲ್ಲೇ, ಮದರಾಸಿನವನು ಮದರಾಸಿನಲ್ಲೇ ಕೇಳಬಹುದು. ಐದು ಲಕ್ಷದವರೆಗಿನ ಬೆಲೆಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ರಸೀತಿಯಲ್ಲಿ ಬೇರೆ ಅವಧಿ ಬರೆಯದಿದ್ದರೆ ಮೂವತ್ತು ದಿನದೊಳಗೆ ದೋಷದ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳದಿರುವುದೂ, ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೆಂದು ಆ ಕಾಯಿದೆಯಲ್ಲೇ ಹೇಳಿದೆ. 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬ ಗೋಡೆಯ ಮೇಲಿನ ಹಲಗೆಗೆ ದೋಷದ ಸರಕಿನ ಮಟ್ಟಿಗೆ ಬೆಲೆ ಕೊಡಬೇಕಾಗಿಲ್ಲ.

ಸರ್ವೀಸ್ ಸೆಂಟರಿನವರು ಸಾಮಾನ್ಯವಾಗಿ ಹೇಳುವ 'ನೀರು ಹೋಗಿದೆ, ವಾರಂಟಿ ಇಲ್ಲ' ಎಂಬ ಮಾತಿಗೂ ದಾರಿಯಿದೆ. ಕಣ್ಣಿನಿಂದ ನಿರ್ಧರಿಸಲಾಗದ ದೋಷವಾದರೆ ಆಯೋಗವು ವಸ್ತುವನ್ನು ಪ್ರಯೋಗಶಾಲೆಗೆ ಕಳಿಸಬಹುದು. ಆದುದರಿಂದ ಫೋನು ರಿಪೇರಿಗೆ ಕೊಟ್ಟಾಗಲೆಲ್ಲ ಜಾಬ್ ಶೀಟನ್ನು ಕೇಳಿ ಪಡೆಯಬೇಕು. ಅದರಲ್ಲಿ ನಾವು ಹೇಳಿದ ದೂರು, ತಾರೀಕು, ಫೋನಿನ ಹೊರಗಿನ ಸ್ಥಿತಿ ಇವು ಬರೆದಿವೆಯೇ ಎಂದು ನೋಡಿಯೇ ಸಹಿ ಮಾಡಬೇಕು. ವಾರಂಟಿ ಕಾರ್ಡು ಕಳೆದಿದ್ದರೂ ಚಿಂತೆಯಿಲ್ಲ, ಬಿಲ್ಲು ಇರಲಿ; ಅದೂ ಇಲ್ಲವಾದರೆ ಹಣ ಕೊಟ್ಟ ಬ್ಯಾಂಕಿನ ದಾಖಲೆ ಇರುತ್ತದೆ. ಮೊದಲು ಅಂಗಡಿಗೂ ತಯಾರಕನಿಗೂ ಬರವಣಿಗೆಯಲ್ಲಿ ತಿಳಿಸುವುದು, ಬಳಿಕ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳುವುದು. ಎಷ್ಟೋ ವ್ಯಾಜ್ಯಗಳು ಅಷ್ಟಕ್ಕೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಆಯೋಗ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಸರ್ವೀಸ್ ಸೆಂಟರಿನ 'ಬರುವ ವಾರ ಬನ್ನಿ' ಎಂಬ ಮಾತುಗಳನ್ನು ನಂಬಿ ಕೂತರೆ ಆ ಎರಡು ವರ್ಷ ಕಳೆಯುವುದು ತಿಳಿಯುವುದೇ ಇಲ್ಲ.